ಕಸೂತಿ ಹಾಕುವವರ ಕೂಲಿ ಯಾರು ನಿರ್ಧರಿಸಬೇಕು? ಗುಂಪು ನಡೆಸುವವರು, ಸೀರೆ ಕೊಳ್ಳುವವರು ಇಬ್ಬರೂ ಹೇಳಿ

ಗವಂತಿ_ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ನಾವು ಹೆಣ್ಣುಮಕ್ಕಳು ಸೇರಿ ಕಸೂತಿ ಹಾಕುತ್ತೇವೆ. ಸ್ವಸಹಾಯ ಸಂಘವಾಗಿ ಶುರುವಾದ ಗುಂಪು. ಇಷ್ಟು ದಿನ ಅಂಗಡಿಯವರು ಸೀರೆ, ದುಪಟ್ಟಾ ತಂದು ಕೊಡುತ್ತಿದ್ದರು, ನಾವು ಹಾಕಿ ಕೊಡುತ್ತಿದ್ದೆವು, ಪೀಸಿಗೆ ಇಷ್ಟು ಅಂತ ದುಡ್ಡು. ಬೆಂಗಳೂರಿನ ಒಂದು ಅಂಗಡಿಯವರು ದೀಪಾವಳಿಗೆ ಒಯ್ದ ಮಾಲಿನ ದುಡ್ಡು ಯುಗಾದಿ ಕಳೆದರೂ ಪೂರ್ತಿ ಬಂದಿಲ್ಲ. ಕೇಳಿದರೆ "ಮಾರಾಟ ಆಗಲಿ, ಕೊಡುತ್ತೇವೆ" ಅನ್ನುತ್ತಾರೆ. ಅವರ ಪುಟದಲ್ಲಿ ಮಾತ್ರ ನಮ್ಮ ಫೋಟೊ ಹಾಕಿ "ಗ್ರಾಮೀಣ ಮಹಿಳೆಯರ ಸಬಲೀಕರಣ" ಅಂತ ಬರೆದಿದ್ದಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಸ ಕಂಪನಿಯೊಂದು ಬಂದಿದೆ. ಸಾಮಾಜಿಕ ಉದ್ಯಮ ಅಂತಾರೆ. ಬಟ್ಟೆ, ದಾರ, ಡಿಸೈನ್ ಎಲ್ಲ ಅವರದೇ, ವರ್ಷಪೂರ್ತಿ ಕೆಲಸ ಕೊಡುತ್ತೇವೆ, ಆನ್‌ಲೈನಲ್ಲಿ ನಾವೇ ಮಾರುತ್ತೇವೆ ಅಂತ ಹೇಳಿದ್ದಾರೆ. ಮಾತಾಡಿದ ಹುಡುಗಿಯರು ಒಳ್ಳೆಯವರೇ, ಚಾಪೆ ಮೇಲೆ ಕೂತು ನಮ್ಮ ಜೊತೆ ಊಟ ಮಾಡಿದರು. ಆದರೆ ಎರಡು ಷರತ್ತು ಇದೆ. ರೇಟು ಅವರು ಹೇಳಿದ್ದೇ. ಮತ್ತೆ ನಾವು ಬೇರೆ ಯಾರಿಗೂ ಕೆಲಸ ಮಾಡಿಕೊಡುವ ಹಾಗಿಲ್ಲ.

ಗುಂಪಿನಲ್ಲಿ ಅರ್ಧ ಜನ ಒಪ್ಪೋಣ ಅನ್ನುತ್ತಾರೆ, ತಿಂಗಳಿಗೆ ದುಡ್ಡು ಬರುತ್ತದಲ್ಲ ಅಂತ. ಅವರದು ತಪ್ಪು ಅಂತ ನಾನು ಹೇಳಲಾರೆ. ಮಕ್ಕಳ ಫೀಸು ಕಾಯುವುದಿಲ್ಲ. ಆದರೆ ನಮ್ಮದೇ ಸಂಸ್ಥೆ ಕಟ್ಟಿದರೆ ಹೇಗೆ ಅನ್ನುವ ಆಸೆಯೂ ಇದೆ. ಇಂಥದ್ದು ಮಾಡಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಬರೆಯಿರಿ.

ಜಯನಗರ_ಸೀರೆ

ನಾನು ಕೊಳ್ಳುವವಳು. ಕಸೂತಿ ಅಂದ್ರೆ ಜೀವ. ಆದರೆ ಸತ್ಯ ಹೇಳಬೇಕು ಅಲ್ವಾ, ನಮ್ಮಂಥವರಿಗೆ ಮೈತುಂಬ ಕಸೂತಿ ಇರುವ ಸೀರೆ ವರ್ಷಕ್ಕೊಂದು ಕೊಳ್ಳುವುದೂ ಕಷ್ಟ. ಅದೇ ಡಿಸೈನಿನ ಸೀರೆ ಪಕ್ಕದ ಅಂಗಡಿಯಲ್ಲಿ ತುಂಬಾ ಕಡಿಮೆಗೆ ಸಿಗುತ್ತದೆ. ಮೆಷಿನ್ ಕೆಲಸ ಅಂತ ಆಮೇಲೆ ಗೊತ್ತಾಗುತ್ತದೆ, ಕೆಲವರಿಗೆ ಆಮೇಲೂ ಗೊತ್ತಾಗುವುದಿಲ್ಲ. ಚಿಕ್ಕ ಚಿಕ್ಕ ವಸ್ತು ಮಾಡಿ ಅನ್ನುವುದು ನನ್ನ ಸಲಹೆ. ಬರೀ ಅಂಚಿಗೆ ಕೆಲಸ ಇರುವ ಸೀರೆ, ಬ್ಲೌಸ್ ಪೀಸ್, ಕುಶನ್ ಕವರ್. ಕೈಗೆಟುಕಿದರೆ ಹೆಚ್ಚು ಜನ ಕೊಳ್ಳುತ್ತಾರೆ.

ಮುರ್ಗಿ_ಟೀಚರ್

ಜಯನಗರದವರೇ, ಮೊದಲು ಅಸಲಿ ಹೇಗೆ ಗುರುತಿಸುವುದು ಅಂತ ಹೇಳುತ್ತೇನೆ. ಸೀರೆಯನ್ನು ತಿರುವಿ ನೋಡಿ. ಕಸೂತಿಯ ಹೊಲಿಗೆಗಳಲ್ಲಿ ಒಂದಾದ ಗವಂತಿ ಎರಡೂ ಕಡೆ ಒಂದೇ ಥರ ಇರುತ್ತದೆ. ಒಂದು ಎಳೆ ಬಿಟ್ಟು ಬಿಟ್ಟು ಮುಂದೆ ಹೋಗುವುದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಗೋಪುರ ಹಾಕುವವಳು ತುದಿಯವರೆಗೆ ಹೋಗಿ, ಕವಲಿಗೊಮ್ಮೆ ಹೊಕ್ಕು ಹೊರಗೆ ಬಂದು, ಕೊನೆಗೆ ಶುರು ಮಾಡಿದ ಜಾಗಕ್ಕೇ ಬರಬೇಕು. ಆ ದಾರಿ ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ಇರಬೇಕು. ಬಟ್ಟೆ ಮೇಲೆ ಪೆನ್ಸಿಲ್ ಗುರುತು ಇರುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಲ್ಲ ಎಳೆ ಎಣಿಸಿಯೇ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಅಂಬಾರಿಗೆ ಹೋಗಿ ಸೇರುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಮೆಷಿನ್ ಕೆಲಸದ ಹಿಂಭಾಗದಲ್ಲಿ ಬಾಬಿನ್ ದಾರ ಬೇರೆಯಾಗಿಯೇ ಕಾಣುತ್ತದೆ, ಎಷ್ಟೋ ಸಲ ಅದು ಬಿಳಿ. ಬಟ್ಟೆಯ ಕೆಳಗೆ ಕೊಟ್ಟ ಕಾಗದದಂಥ ಆಸರೆಯ ಚೂರು ಹೊಲಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಕೈಯಲ್ಲಿ ಸವರಿದರೆ ಚುಚ್ಚುತ್ತದೆ.

ಇನ್ನು ಚಿಕ್ಕ ವಸ್ತು ಮಾಡಿ ಅನ್ನುವ ಮಾತು. ನನಗೆ ಅದರ ಬಗ್ಗೆ ಭಯ ಇದೆ. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿಯಲ್ಲಿ ದಾರ ಜಾಸ್ತಿ ಹೋಗುತ್ತದೆ, ಸೀರೆ ಭಾರವಾಗುತ್ತದೆ. ಪರ್ಸಿನ ಮೇಲೊಂದು ನಕ್ಷತ್ರ, ಕುಶನ್ ಮೇಲೊಂದು ಹೂವು ಮಾಡಿಸುವ ಆರ್ಡರ್‌ಗಳೇ ಬರುತ್ತಾ ಹೋದರೆ ಎಳೆಯ ಹುಡುಗಿಯರಿಗೆ ಗವಂತಿ ಒಂದೇ ಬರುತ್ತದೆ. ನಾನು ಕಲಿಸುವ ಹುಡುಗಿಯರಲ್ಲಿ ಇದು ಕಣ್ಣಿಗೆ ಕಾಣುತ್ತಿದೆ. ತೇರು, ಆನೆ ಅಂಬಾರಿ, ತೊಟ್ಟಿಲು, ತುಳಸಿ ಕಟ್ಟೆ ಹಾಕುವ ಕೈ ಬೇಕು ಅಂದರೆ ದೊಡ್ಡ ಕೆಲಸದ ಆರ್ಡರ್ ವರ್ಷದಲ್ಲಿ ಕೆಲವಾದರೂ ಇರಬೇಕು. ಗುಂಪಿನವರು ಇದನ್ನು ವ್ಯಾಪಾರದ ಲೆಕ್ಕದಲ್ಲೇ ಸೇರಿಸಿ. ದಾನ ಅಂತ ಅಲ್ಲ. ಕೆಲಸ ಗೊತ್ತಿರುವವರು ಇಲ್ಲದೇ ಹೋದರೆ ಹತ್ತು ವರ್ಷದ ನಂತರ ಮಾರಲು ಏನೂ ಇರುವುದಿಲ್ಲ.

ಲೆಕ್ಕದ_ಪುಸ್ತಕ

ನಾನು ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವವನು. ಮೊದಲು ಬಾಕಿ ದುಡ್ಡಿನ ವಿಷಯ, ಯಾಕೆಂದರೆ ಅದು ಅರ್ಜೆಂಟು.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿದ್ದೀರಾ? ಆನ್‌ಲೈನಲ್ಲೇ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಏಜೆಂಟರು ಕೇಳಿದರೆ ಕೊಡಬೇಡಿ. 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ, ನೋಂದಾಯಿತ ಕಿರು ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. "ಮಾರಾಟ ಆದ ಮೇಲೆ" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ನೋಂದಣಿಗೂ ಮೊದಲು ಕೊಟ್ಟ ಮಾಲಿಗೆ ಇದರ ಬಲ ಸಿಗುವುದು ಕಷ್ಟ, ಅದಕ್ಕೇ ಇವತ್ತೇ ಮಾಡಿಸಿ. ಇನ್ನೊಂದು ವಿಷಯ. ಕಿರು ಉದ್ಯಮಗಳಿಗೆ ಈ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಡುವವರೆಗೂ ಆ ಮೊತ್ತವನ್ನು ಅಂಗಡಿಯವರು ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಆದಾಯ ತೆರಿಗೆಯಲ್ಲಿ ಈ ನಿಯಮ ಬಂದ ಮೇಲೆ ಅಂಗಡಿಗಳ ಲೆಕ್ಕಿಗರೇ ಹೆದರಿ ದುಡ್ಡು ಬಿಡಿಸುತ್ತಿದ್ದಾರೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಅಷ್ಟಕ್ಕೇ ಮಾತಿನ ಧಾಟಿ ಬದಲಾಗುತ್ತದೆ.

ಇನ್ನು ಸಂಸ್ಥೆ. ನಿಮಗೆ ಸರಿಹೊಂದುವುದು ಉತ್ಪಾದಕರ ಕಂಪನಿ ಅಥವಾ ಸಹಕಾರ ಸಂಘ. ಉತ್ಪಾದಕರ ಕಂಪನಿಯಲ್ಲಿ ಕೆಲಸ ಮಾಡುವವರೇ ಮಾಲೀಕರು. ಅದು ರೈತರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕೈಮಗ್ಗ, ಕರಕುಶಲ ಕೆಲಸವೂ ಆ ಕಾನೂನಿನಲ್ಲಿದೆ. ಹತ್ತು ಜನ ಉತ್ಪಾದಕರು ಇದ್ದರೆ ಸಾಕು, ಐದು ಜನ ನಿರ್ದೇಶಕರು ಬೇಕು. ವ್ಯಕ್ತಿಗಳೇ ಸದಸ್ಯರಾಗಿದ್ದರೆ ಯಾರ ಹತ್ತಿರ ಎಷ್ಟು ಷೇರು ಇದ್ದರೂ ಒಬ್ಬರಿಗೆ ಒಂದೇ ಓಟು. ನಾಳೆ ದುಡ್ಡಿರುವವರು ಬಂದು ನಿಮ್ಮನ್ನು ಹೊರಗೆ ಹಾಕಲು ಆಗುವುದಿಲ್ಲ. ಆದರೆ ಪ್ರತಿ ವರ್ಷ ಆಡಿಟ್, ಕಾಗದ ಪತ್ರ, ಅದರ ಖರ್ಚು ಇದ್ದೇ ಇರುತ್ತದೆ. ಗುಂಪು ಚಿಕ್ಕದಿದ್ದಾಗ ಈ ಖರ್ಚೇ ಭಾರ. ಪಕ್ಕದ ಊರುಗಳ ಗುಂಪುಗಳನ್ನು ಸೇರಿಸಿಕೊಂಡು ಮಾಡಿದರೆ ಒಳ್ಳೆಯದು.

ಸಾಗರದವಳು

ನಮ್ಮ ಕಡೆಯ ಚರಕ ಅನ್ನುವ ಸಂಸ್ಥೆಯ ಬಗ್ಗೆ ಹೇಳಲೇಬೇಕು. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಇದೆ. ರಂಗಕರ್ಮಿ ಪ್ರಸನ್ನ ಅವರು ಶುರು ಮಾಡಿದ್ದು, ಆದರೆ ಅದು ಮಹಿಳೆಯರ ಸಹಕಾರ ಸಂಘ. ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳೇ. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಹೀಗೆ ಸಹಜ ಬಣ್ಣ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರನ್ನೇ ಬಟ್ಟೆಗೆ ಬಣ್ಣ ಮಾಡಿದ್ದು ನನಗೆ ಈಗಲೂ ಖುಷಿ ಕೊಡುವ ವಿಷಯ. ಮಾರಾಟಕ್ಕೆ ದೇಸಿ ಅಂತ ಬೇರೆ ಸಂಸ್ಥೆ ಮಾಡಿ ಬೆಂಗಳೂರು ಮತ್ತಿತರ ಕಡೆ ಅಂಗಡಿ ತೆರೆದರು. ಅಂದರೆ ತಯಾರಿಸುವವರೂ ಮಾರುವವರೂ ಬೇರೆ ಬೇರೆ, ಆದರೆ ಒಂದೇ ಮನಸ್ಸು.

ಅಂಥ ಸಂಸ್ಥೆಯೂ 2020ರಲ್ಲಿ, ಕೊರೊನಾ ಕಾಲದಲ್ಲಿ, ಮಾಲು ಮಾರಾಟವಾಗದೆ ದಿವಾಳಿಯಾಗಿದ್ದೇವೆ ಅಂತ ಬಹಿರಂಗವಾಗಿ ಹೇಳಬೇಕಾಯಿತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ನಮ್ಮದೇ ಸಂಸ್ಥೆ ಅಂದಾಗ ನಷ್ಟವೂ ನಮ್ಮದೇ. ಬಟ್ಟೆ ಕೊಳ್ಳಲು, ಮಾಲು ಮಾರಾಟವಾಗುವವರೆಗೆ ಕೂಲಿ ಕೊಡಲು ಕೈಯಲ್ಲಿ ಬಂಡವಾಳ ಬೇಕು. ಈ ವಿಷಯದಲ್ಲಿ ಉತ್ಸಾಹ ಸಾಲದು. ಎಷ್ಟು ತಿಂಗಳು ತಡೆದುಕೊಳ್ಳಬಹುದು ಅಂತ ಮೊದಲೇ ಲೆಕ್ಕ ಹಾಕಿ.

ತಾಂಡಾ_ಹುಡುಗಿ

ನಾನು ಬಳ್ಳಾರಿ ಕಡೆಯ ಲಂಬಾಣಿ ತಾಂಡಾದವಳು. 2023ರ ಜುಲೈನಲ್ಲಿ ಜಿ20 ಸಭೆ ಹಂಪಿಯಲ್ಲಿ ಆದಾಗ ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. 450ಕ್ಕೂ ಹೆಚ್ಚು ಹೆಂಗಸರು ಸೇರಿ ಮಾಡಿದ ಕೆಲಸ. ನಮಗೆಲ್ಲ ಹೆಮ್ಮೆ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಸಂಡೂರಿನ ಕುಶಲ ಕಲಾ ಕೇಂದ್ರ 1980ರ ದಶಕದಿಂದ ಈ ಕೆಲಸ ಉಳಿಸಿಕೊಂಡು ಬಂದಿದೆ, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ (ಜಿಐ, ಇದು ಆ ಊರಿನದೇ ಕೆಲಸ ಅನ್ನುವ) ಮಾನ್ಯತೆಯೂ ಬಂದಿದೆ. ಅವರು ಇಲ್ಲದಿದ್ದರೆ ಇವತ್ತು ಮಾತಾಡಲು ಏನೂ ಉಳಿಯುತ್ತಿರಲಿಲ್ಲ.

ಆದರೆ ತಾಂಡಾದಲ್ಲಿ ನಿಂತು ನೋಡಿ. ನಮ್ಮ ಅಜ್ಜಿಯರು ಫೇಟಿಯಾ (ಲಂಗ), ಕಾಂಚಳಿಗೆ (ರವಿಕೆ) ತಾವೇ ಕನ್ನಡಿ, ಕವಡೆ ಕೂರಿಸಿ ಹೊಲಿದುಕೊಳ್ಳುತ್ತಿದ್ದರು. ಈಗಿನವರು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಸೂಜಿ ಹಿಡಿಯಲು ಮನಸ್ಸಿಲ್ಲ ಅಂತ ಅಲ್ಲ. ಗುತ್ತಿಗೆದಾರ ಮುಂಗಡ ಕೊಡುತ್ತಾನೆ, ಹೊಲಿಗೆಗೆ ಮುಂಗಡ ಕೊಡುವವರು ಯಾರು? ಮಳೆಗಾಲದ ಮುಂಚೆ ಕೈಗೆ ದುಡ್ಡು ಬೇಕು, ಆಗ ಯಾರು ಕೊಡುತ್ತಾರೋ ಅವರ ಹಿಂದೆ ಹೋಗುತ್ತಾರೆ. ಗವಂತಿ ಅಕ್ಕ, ಯಾವ ಕಂಪನಿ ಜೊತೆ ಸೇರಿದರೂ ಸರಿ, ಮುಂಗಡ ಕೇಳಿ. ಅರ್ಧ ದುಡ್ಡು ಕೆಲಸ ಶುರು ಮಾಡುವಾಗಲೇ ಬರಬೇಕು.

ಜಯನಗರ_ಸೀರೆ

ಟೀಚರ್, ತಿರುವಿ ನೋಡುವ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಮನೆಯಲ್ಲಿದ್ದ ಎರಡು ಸೀರೆ ತೆಗೆದು ನೋಡಿದೆ. ಒಂದರ ಹಿಂದೆ ಪೂರ್ತಿ ಬಿಳಿ ದಾರ. ಕೈಕೆಲಸ ಅಂತಲೇ ಕೊಟ್ಟಿದ್ದರು.

ಭೌಗೋಳಿಕ ಗುರುತು ಕಸೂತಿಗೂ ಇದೆಯಲ್ಲ? ಹಾಗಿದ್ದ ಮೇಲೆ ಮೆಷಿನ್ ಮಾಲಿಗೆ ಕಸೂತಿ ಅಂತ ಹೆಸರಿಟ್ಟು ಮಾರಲು ಹೇಗೆ ಬಿಡುತ್ತಾರೆ?

ಲೆಕ್ಕದ_ಪುಸ್ತಕ

ಇದೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ನೋಂದಣಿ ಆಗಿದೆ, ಕಾವೇರಿ ಮಳಿಗೆ ನಡೆಸುವವರು ಅವರೇ. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಊರಿನ ಎಲ್ಲರಿಗೂ ಅದರ ಹಕ್ಕು ತಾನಾಗಿ ಬರುವುದಿಲ್ಲ. ಕೆಲಸ ಮಾಡುವವರು ಅಧಿಕೃತ ಬಳಕೆದಾರರು ಅಂತ ಹೆಸರು ನೋಂದಾಯಿಸಬೇಕು, ಶುಲ್ಕ ತೀರಾ ಕಡಿಮೆ. ಹಾಗೆ ಮಾಡಿದವರು ಆ ಮುದ್ರೆ ಹಾಕಿ ಮಾರಬಹುದು, ನಕಲಿ ಕಂಡರೆ ಕಾನೂನಿನ ಮೊರೆ ಹೋಗಬಹುದು. ಗವಂತಿಯವರೇ, ನಿಮ್ಮ ಗುಂಪಿನ ಎಲ್ಲ ಹೆಂಗಸರ ಹೆಸರೂ ಅದರಲ್ಲಿ ಬರಲಿ. ಒಬ್ಬ ವ್ಯಾಪಾರಿಯ ಹೆಸರು ಮಾತ್ರ ಇದ್ದು, ಹಾಕುವವರ ಹೆಸರೇ ಇಲ್ಲ ಅನ್ನುವ ಹಾಗೆ ಆಗಬಾರದು.

ಇಳಕಲ್_ಮಗ್ಗ

ಮಗ್ಗದ ಕಡೆಯಿಂದ ಒಂದು ಮಾತು. ಮೊದಲೆಲ್ಲ ಮದುವೆಗೆ ಚಂದ್ರಕಾಳಿ ಸೀರೆ ಬೇಕೇ ಬೇಕಿತ್ತು, ಕಪ್ಪು ಇಳಕಲ್ ಸೀರೆಗೆ ಕಸೂತಿ. ಇಳಕಲ್ ಕೈಮಗ್ಗದ ಬಟ್ಟೆಯಲ್ಲಿ ಎಳೆ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುತ್ತದೆ, ಎಣಿಸಲು ಸುಲಭ. ಈಗ ಕ್ರೇಪ್, ಜಾರ್ಜೆಟ್ ಮೇಲೆ ಕೇಳುತ್ತಾರೆ. ಅದರ ಮೇಲೆ ಎಳೆ ಎಣಿಸಲು ಬಲೆಯಂಥ ಜಾಳಿ ಬಟ್ಟೆ ಇಟ್ಟು ಹೊಲಿದು ಆಮೇಲೆ ಜಾಳಿಯ ಎಳೆ ಒಂದೊಂದೇ ಎಳೆದು ತೆಗೆಯಬೇಕು, ಎರಡು ಪಟ್ಟು ಕೆಲಸ. ಈ ಎಳೆ ತೆಗೆಯುವ ಕೆಲಸಕ್ಕೆ ಕೂಲಿ ಸೇರಿಸಿದ್ದೀರಾ ಕೇಳಿಕೊಳ್ಳಿ.

ನಮ್ಮಲ್ಲೂ ಅದೇ ಕಥೆ. ನೂಲು ಸುತ್ತುವುದು, ಉಂಡೆ ತುಂಬುವುದು, ಹಾಸು (ಮಗ್ಗದ ಉದ್ದದ ನೂಲು) ಸರಿಮಾಡುವುದು ಮನೆಯ ಹೆಣ್ಣುಮಕ್ಕಳು. ಕೂಲಿ ಮಾತ್ರ ಸೀರೆ ಲೆಕ್ಕದಲ್ಲಿ ಮಗ್ಗದಲ್ಲಿ ಕೂತವನ ಕೈಗೆ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರು, ಅದರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಹಾಗಿದ್ದೂ ನೇಕಾರ ಅಂದ ಕೂಡಲೇ ಗಂಡಸಿನ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ನಮ್ಮ ತಾಯಿ ಜೀವನಪೂರ್ತಿ ಕಂಡಿಕೆ (ಲಾಳಿಗೆ ಹಾಕುವ ನೂಲು) ಸುತ್ತಿದರು, ಒಂದು ಸಂಘದ ಪುಸ್ತಕದಲ್ಲೂ ಅವರ ಹೆಸರಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಡಲ್ಲಾಸ್_ಕನ್ನಡತಿ

ಇಲ್ಲಿಂದ ನಾವು ಕೊಳ್ಳಲು ತಯಾರಿದ್ದೇವೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಸ್ಟಾಲ್ ಹಾಕುತ್ತೇವೆ. ಆದರೆ ಯಾರನ್ನು ಕೇಳಿದರೂ ಮಧ್ಯದಲ್ಲಿ ಮೂರು ಜನ ಇರುತ್ತಾರೆ, ಹಾಕಿದವರಿಗೆ ಎಷ್ಟು ಹೋಯಿತು ಅಂದರೆ ಉತ್ತರ ಇಲ್ಲ. ಸರ್ಕಾರದ ವಿಶ್ವಕರ್ಮ ಯೋಜನೆಯಲ್ಲಿ ಸಾಲ ಸಿಗುತ್ತದಂತಲ್ಲ, ಅದನ್ನು ಹಿಡಿದು ಶುರು ಮಾಡಬಹುದಾ?

ಲೆಕ್ಕದ_ಪುಸ್ತಕ

ಪಿಎಂ ವಿಶ್ವಕರ್ಮ 2023ರಲ್ಲಿ 18 ಕಸುಬುಗಳಿಗೆ ಶುರುವಾಯಿತು. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ದರ್ಜಿ, ಗೊಂಬೆ ಮಾಡುವವರು ಇದ್ದಾರೆ. ಕಸೂತಿ ಅಂತ ಬೇರೆ ಕಸುಬು ಆ ಪಟ್ಟಿಯಲ್ಲಿ ಇಲ್ಲ. ದೇಶದಲ್ಲಿ ಕಸೂತಿಯಿಂದ ಹೊಟ್ಟೆ ಹೊರೆಯುವ ಹೆಂಗಸರು ಅಷ್ಟೊಂದು ಇದ್ದಾರೆ, ಚಿಕನ್‌ಕಾರಿ ಇದೆ, ಕಾಂತಾ ಇದೆ, ಕಛ್ ಕೆಲಸ ಇದೆ, ಆದರೂ ಸೂಜಿಯ ಕೆಲಸ ಯಾರ ನೆನಪಿಗೂ ಬರಲಿಲ್ಲ. ಇದರ ಬಗ್ಗೆ ಜೋರಾಗಿ ಕೇಳಬೇಕು. ಸದ್ಯಕ್ಕೆ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿ ಎಲ್ಲರಿಗೂ ಮಾಡಿಸಿ. ಮೇಳಗಳಲ್ಲಿ ಸ್ಟಾಲ್ ಸಿಗಲು ಅದು ಬೇಕಾಗುತ್ತದೆ.

ಮಾಲೀಕತ್ವದ ಬಗ್ಗೆ ಎರಡು ಹೆಸರು ಹೇಳಿ ಮುಗಿಸುತ್ತೇನೆ. ಲಿಜ್ಜತ್ ಪಾಪಡ್ 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರು ಮಾಡಿದ್ದು. ಹಪ್ಪಳ ಲಟ್ಟಿಸುವ ಪ್ರತಿಯೊಬ್ಬರೂ ಅಲ್ಲಿ ಪಾಲುದಾರರು. ರಾಜಸ್ಥಾನದ ಬಿಕಾನೇರ್ ಕಡೆ ರಂಗಸೂತ್ರ ಇದೆ, ಸುಮಿತಾ ಘೋಷ್ ಕಟ್ಟಿದ್ದು. ಕುಶಲಕರ್ಮಿಗಳೇ ಷೇರುದಾರರು. ದೊಡ್ಡ ದೊಡ್ಡ ಮಳಿಗೆಗಳಿಗೆ ಮಾಲು ಕೊಡುತ್ತಾರೆ, ಆದರೆ ಮಾತುಕತೆಗೆ ಕೂರುವುದು ಕಂಪನಿಯಾಗಿ, ಒಬ್ಬೊಬ್ಬ ಹೆಂಗಸಾಗಿ ಅಲ್ಲ. ಹಾಗಾಗಿ ಹೊರಗಿನ ಕಂಪನಿ ಬೇಡವೇ ಬೇಡ ಅನ್ನಬೇಕಿಲ್ಲ. ನೀವು ಕಂಪನಿಯಾಗಿ ಅವರ ಎದುರು ಕೂತುಕೊಳ್ಳಿ.

ಮುರ್ಗಿ_ಟೀಚರ್

ಒಂದು ಮಾತು ಸೇರಿಸುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ದೇಶದ ಕರಕುಶಲ ಮಂಡಳಿ ಕಟ್ಟಿ ಇಂಥ ಕೆಲಸಕ್ಕೆಲ್ಲ ದಾರಿ ಮಾಡಿದ ಕಮಲಾದೇವಿ ಚಟ್ಟೋಪಾಧ್ಯಾಯ ನಮ್ಮ ಮಂಗಳೂರಿನವರು. ಅವರಿಗೆ ಸಹಕಾರ ಸಂಘಗಳ ಮೇಲೆ ತುಂಬಾ ನಂಬಿಕೆ ಇತ್ತು. ಹಾಗಾಗಿ ಇದು ಹೊಸ ಫ್ಯಾಷನ್ ಅಲ್ಲ, ನಮ್ಮದೇ ಹಳೆಯ ದಾರಿ.

ಗವಂತಿ, ಒಂದು ಕೆಲಸ ಮಾಡಿ. ಪ್ರತಿಯೊಬ್ಬರ ಕೈಯಲ್ಲಿ ಒಂದು ನೋಟ್‌ಬುಕ್ ಕೊಡಿ. ಕೂತ ಹೊತ್ತು, ಎದ್ದ ಹೊತ್ತು ಬರೆಯಲಿ. ಬಿಚ್ಚಿ ಹಾಕಿದ ಹೊತ್ತನ್ನೂ ಬರೆಯಲಿ. ಪೀಸಿನ ಲೆಕ್ಕದಲ್ಲಿ ಹೊತ್ತು ಕಾಣುವುದಿಲ್ಲ. ಒಂದು ಪೀಸಿಗೆ 40 ಗಂಟೆ ಹಿಡಿಯಿತು, 1200 ರೂಪಾಯಿ ಕೊಟ್ಟರು ಅಂತ ಇಟ್ಟುಕೊಳ್ಳಿ, ಗಂಟೆಗೆ 30 ರೂಪಾಯಿ ಆಯ್ತು. ಎಂಟು ಗಂಟೆಗೆ 240. ಆ ಅಂಕಿ ಕಣ್ಣ ಮುಂದೆ ಬಂದ ಮೇಲೆ ರೇಟಿನ ಮಾತು ಬೇರೆಯೇ ಆಗುತ್ತದೆ.

ಗವಂತಿ_ಧಾರವಾಡ

ಎಲ್ಲರ ಉತ್ತರವನ್ನೂ ಗುಂಪಿನಲ್ಲಿ ಓದಿ ಹೇಳಿದೆ. ಇಳಕಲ್ಲಿನವರು ತಾಯಿಯ ಬಗ್ಗೆ ಬರೆದದ್ದನ್ನು ಓದುವಾಗ ಯಾರೂ ಮಾತಾಡಲಿಲ್ಲ.

ನೋಟ್‌ಬುಕ್ ಶುರು ಮಾಡಿದೆವು. ಟೀಚರ್ ಹೇಳಿದ್ದು ನಿಜ. ಕ್ರೇಪ್ ಸೀರೆಯ ಕೆಲಸವನ್ನು ಗಂಟೆ ಲೆಕ್ಕಕ್ಕೆ ತಂದರೆ ಹೊಲದ ಕೂಲಿಗಿಂತ ಕಡಿಮೆ ಬರುತ್ತಿದೆ. ಜಾಳಿ ಎಳೆ ತೆಗೆಯುವ ಕೆಲಸಕ್ಕೆ ಇಲ್ಲಿಯವರೆಗೆ ಒಂದು ಪೈಸೆ ಕೇಳಿಲ್ಲ ನಾವು. ಅದನ್ನು ರಾತ್ರಿ ಟಿವಿ ನೋಡುತ್ತಾ ಮಾಡುತ್ತಿದ್ದೆವು, ಅದೂ ಕೆಲಸ ಅಂತ ಯಾರಿಗೂ ಅನಿಸಿರಲಿಲ್ಲ. ಕಂಪನಿಗೆ ಒಪ್ಪೋಣ ಅಂದವರಲ್ಲಿ ಮೊದಲಿದ್ದವರೇ ಈಗ ಪುಸ್ತಕ ತೆಗೆದುಕೊಂಡು ಬಂದು "ಇದನ್ನು ಅವರಿಗೆ ತೋರಿಸು" ಅನ್ನುತ್ತಿದ್ದಾರೆ.

ಹೀಗೆ ಮಾಡೋಣ ಅಂತ ಇದ್ದೇವೆ. ಉದ್ಯಮ್ ನೋಂದಣಿ ಆಯ್ತು. ಪಕ್ಕದ ಎರಡು ಊರಿನ ಗುಂಪಿನವರ ಜೊತೆ ಮಾತು ನಡೆದಿದೆ, ಅವರು ಒಪ್ಪಿದರೆ ಉತ್ಪಾದಕರ ಕಂಪನಿ, ಒಪ್ಪದಿದ್ದರೆ ಸದ್ಯಕ್ಕೆ ಸಂಘವಾಗಿಯೇ ಇರುತ್ತೇವೆ. ಹೊಸ ಕಂಪನಿಯವರಿಗೆ ಬೇಡ ಅನ್ನುವುದಿಲ್ಲ, ಮಾರುಕಟ್ಟೆ ಅವರಿಗೆ ಗೊತ್ತಿದೆ, ನಮಗೆ ಗೊತ್ತಿಲ್ಲ. ಆದರೆ ರೇಟು ಗಂಟೆ ಲೆಕ್ಕದ ಮೇಲೆ, ನಮ್ಮ ಪುಸ್ತಕ ನೋಡಿ, ಇಬ್ಬರೂ ಕೂತು ನಿಗದಿ ಮಾಡಬೇಕು. ಅರ್ಧ ಮುಂಗಡ. ಬೇರೆಯವರಿಗೆ ಕೆಲಸ ಮಾಡಬಾರದು ಅನ್ನುವ ಷರತ್ತು ತೆಗೆಯಬೇಕು, ಬೇಕಿದ್ದರೆ ಅವರ ಡಿಸೈನ್ ಬೇರೆಯವರಿಗೆ ಕೊಡುವುದಿಲ್ಲ ಅಂತ ಬರೆದುಕೊಡುತ್ತೇವೆ. ಗೋಪುರ, ಕಲಶ, ನವಿಲು ಮಾತ್ರ ಯಾರ ಡಿಸೈನೂ ಅಲ್ಲ, ಅದು ನಮ್ಮ ಮುತ್ತಜ್ಜಿಯರದು, ಅದರಲ್ಲಿ ರಾಜಿ ಇಲ್ಲ. ಮತ್ತೆ ವರ್ಷಕ್ಕೆ ಕೆಲವಾದರೂ ಪೂರ್ತಿ ಚಂದ್ರಕಾಳಿ ಸೀರೆ ಮಾಡಿಸಬೇಕು, ಹಿರಿಯರ ಜೊತೆ ಹುಡುಗಿಯರನ್ನು ಕೂರಿಸಿ. ಡಲ್ಲಾಸ್ ಅಕ್ಕ, ಅದಕ್ಕೆ ನಿಮ್ಮ ಸಂಘದಿಂದ ಆರ್ಡರ್ ಬಂದರೆ ತುಂಬಾ ಸಹಾಯ.

ಶನಿವಾರ ಕಂಪನಿಯವರು ಬರುತ್ತಾರೆ. ಕರಾರಿನಲ್ಲಿ ಇನ್ನೇನು ಬರೆಸಬೇಕು, ಬಿಟ್ಟುಹೋಗಿದ್ದರೆ ಹೇಳಿ.

ಡಲ್ಲಾಸ್_ಕನ್ನಡತಿ

ಎರಡು ಚಂದ್ರಕಾಳಿ ನನ್ನ ಹೆಸರಿಗೆ ಬರೆದುಕೊಳ್ಳಿ. ಅವಸರ ಇಲ್ಲ, ಎಷ್ಟು ತಿಂಗಳಾದರೂ ಸರಿ. ಅರ್ಧ ದುಡ್ಡು ಈಗಲೇ ಕಳಿಸುತ್ತೇನೆ, ಗುಂಪಿನ ಖಾತೆ ವಿವರ ಮೆಸೇಜ್ ಮಾಡಿ. ಹಾಕಿದವರ ಹೆಸರಿನ ಚೀಟಿ ಸೀರೆಯ ಜೊತೆ ಇರಲಿ, ಅವರು ಒಪ್ಪಿದರೆ ಮಾತ್ರ.

ತಾಂಡಾ_ಹುಡುಗಿ

ಕರಾರಿಗೆ ಒಂದು ಸೇರಿಸಿ ಅಕ್ಕ. ಅರ್ಧಕ್ಕೆ ಆರ್ಡರ್ ರದ್ದು ಮಾಡಿದರೆ ಅಲ್ಲಿಯವರೆಗೆ ಹಾಕಿದ ಗಂಟೆಗಳ ಕೂಲಿ ಪೂರ್ತಿ ಕೊಡಬೇಕು, ಬಟ್ಟೆ ವಾಪಸ್ ಒಯ್ಯುವ ಖರ್ಚು ಅವರದು. ನಮ್ಮ ಕಡೆ ಇದು ಬರೆಸದೇ ಹೋಗಿ ಒಂದು ಹಬ್ಬದ ಸೀಸನ್ ಪೂರ್ತಿ ಕೆಲಸ ಹಾಳಾಯ್ತು. ಕರಾರು ಕನ್ನಡದಲ್ಲೇ ಇರಲಿ, ಸಹಿ ಮಾಡುವ ಮೊದಲು ಎಲ್ಲರ ಎದುರು ಜೋರಾಗಿ ಓದಿಸಿ.